ಎಲ್ಲದಕ್ಕೂ ಏಳು

ನಾನು ಹೇಳಿದ್ದನ್ನು ಬರೆದುಕೊಂಡೆಯಾ? ಚಹಾ ಆರಿಹೋಗುತ್ತದೆ, ಮೊದಲು ಕುಡಿ, ಆಮೇಲೆ ಬರಿ. ಕುಂದುಜ್ ವಿಷಯ ಹೇಳುತ್ತಿದ್ದೆ ಅಲ್ಲವೇ, ನನ್ನ ಮಗಳ ವಿಷಯ. ಮಗಳೆಂದರೆ ಹೆತ್ತ ಮಗಳಲ್ಲ, ದೊಡ್ಡ ಮಗನ ಚೊಚ್ಚಲು. ಚೊಚ್ಚಲು ಕೂಸು ಅಜ್ಜಿ-ತಾತನದು ಎನ್ನುವುದು ನಿನಗೇನು ಹೊಸದೇ? ಮೊಲೆ ಬಿಡಿಸಿದ ಕೂಡಲೇ ಬಿಷ್ಕೆಕ್‌ನಿಂದ ಕಂಬಳಿಯಲ್ಲಿ ಸುತ್ತಿ ತಂದುಕೊಟ್ಟರು. ನನ್ನನ್ನೇ ಅಮ್ಮ ಎಂದುಕೊಂಡು 'ಅಪಾ' ಎಂದಳು. ಹೆತ್ತವಳನ್ನು ಹೆಸರು ಹಿಡಿದೇ ಕರೆಯುತ್ತಾಳೆ.

ಅವಳ ಕೈ ನೋಡಿದ್ದೀಯಲ್ಲ, ಪುಟ್ಟ ಕೈ. ಚಿಕ್ಕವಳಿದ್ದಾಗ ಒಂದು ಕುರಿ ಈಯಲಾರದೆ ಒದ್ದಾಡುತ್ತಿತ್ತು. ಮರಿಯ ಕಾಲು ಮಡಚಿಕೊಂಡು ಒಳಗೇ ಸಿಕ್ಕಿಕೊಂಡಿತ್ತು. ನಮ್ಮ ಯಾರ ಕೈಯೂ ತೂರಲಿಲ್ಲ. ಇವಳು ತೋಳಿಗೆ ಕೊಬ್ಬು ಸವರಿಕೊಂಡು ಕೈ ಹಾಕಿ, ಕಾಲು ನೆಟ್ಟಗೆ ಮಾಡಿ ಎಳೆದೇಬಿಟ್ಟಳು. ಆ ಮರಿ ಟಗರಾಗಿ ಬೆಳೆದು ನನಗೇ ಗುದ್ದಿತು, ಸೊಂಟ ಇವತ್ತಿಗೂ ನೋಯುತ್ತದೆ, ಅದಿರಲಿ. ಆವತ್ತಿನಿಂದ ದನದ ಡಾಕ್ಟರಾಗುವ ಹಠ. ನಾರಿನ್‌ನಲ್ಲಿ ನೀನು ಕೆಲಸ ಮಾಡುವ ಕಾಲೇಜಿಗೇ ಸೇರಿದಳು. ಇನ್ನೊಂದು ವರ್ಷ ಬಾಕಿ.

ಕುರಿಗಳು ಬೆಟ್ಟದಿಂದ ಇಳಿದ ಮೇಲೆ ಕೊಚ್ಕೋರ್ ಊರಿನ ಗಂಡಿನ ಕಡೆಯವರು ಬಂದು ಅವಳ ಕಿವಿಗೆ ಓಲೆ ಹಾಕಿ ಹೋದರು. ಓಲೆ ಬಿತ್ತೆಂದರೆ ಮಾತು ಮುಗಿದಂತೆ. ಸಂಬಂಧ ತಂದವನು ನನ್ನ ಕಿರಿಮಗ ತಾಲಾಯ್. ನಾನಿರುವುದು ಅವನ ಮನೆಯಲ್ಲೇ. ಹಿಮ ಕರಗಿದ ಕೂಡಲೇ ಮದುವೆ. ಹೊರಡುವಾಗ ಹುಡುಗನ ತಾಯಿ ಬೂಟು ಏರಿಸಿಕೊಳ್ಳುತ್ತಾ, "ಓದಿದ್ದು ಸಾಕು ಕಣಮ್ಮಾ, ನಮ್ಮ ಹಸುಗಳಿಗೆ ಕಾಯಿಲೆನೇ ಬರಲ್ಲ" ಎಂದಳು. ಎಲ್ಲರೂ ನಕ್ಕರು. ಕುಂದುಜ್ ಚಹಾ ಬಗ್ಗಿಸುತ್ತಿದ್ದಳು. ಬಟ್ಟಲು ತುಂಬಿ ಚೆಲ್ಲಿದರೂ ಬಗ್ಗಿಸುತ್ತಲೇ ಇದ್ದಳು.

ಚಳಿಗೆ ಕಾಲೇಜು ಮುಚ್ಚಿ ಮನೆಗೆ ಬಂದಿದ್ದಾಳಲ್ಲ, ಮೊನ್ನೆ ಮಧ್ಯಾಹ್ನ ನಿಮ್ಮ ಕಾಲೇಜಿನ ಹುಡುಗಿಯೊಬ್ಬಳು ಫೋನ್ ಮಾಡಿದಳು. ಓದುವ ಮಕ್ಕಳಿಗೆ ಮನೆಯವರ ಆಸರೆ ಎಷ್ಟಿದೆ ಎಂದು ಅಳೆಯುತ್ತಾರಂತೆ. ಹಾಲು ಅಳೆಯಬಹುದು, ಇದನ್ನು ಹೇಗೆ ಅಳೆಯುತ್ತಾರೋ! ಫೋನಿಗೆ ಸಿಗ್ನಲ್ ಸಿಗುವುದು ಒಲೆಯ ಪಕ್ಕದ ಕಿಟಕಿಯಲ್ಲಿ ಮಾತ್ರ. ಕಿವಿಗಿಟ್ಟರೆ ಕೇಳಿಸದು, ಸ್ಪೀಕರ್ ಹಾಕಲೇಬೇಕು. ಒಲೆಯ ಸುತ್ತ ನಾವೆಲ್ಲ.

"ಒಂದು ಅಂದ್ರೆ ಖಂಡಿತ ಇಲ್ಲ, ಏಳು ಅಂದ್ರೆ ಖಂಡಿತ ಹೌದು. ಇವೇ ಪ್ರಶ್ನೆಗಳನ್ನ ಬೇರೆ ದೇಶಗಳಲ್ಲೂ ಕೇಳ್ತಿದ್ದೀವಿ" ಎಂದಳು ಆ ಹುಡುಗಿ.

ತಾಲಾಯ್‌ಗೆ ಅಷ್ಟೇ ಸಾಕಾಯಿತು. "ಪಕ್ಕದ ಕಜಕ್ ದೇಶದವರು ಎಷ್ಟು ಅಂದ್ರಂತೆ, ಕೇಳೇ!"

"ಅದು ಹೇಳೋ ಹಾಗಿಲ್ಲ. ಮನೆಯವರು ನಿಮಗೆ ಸಹಾಯ ಮಾಡ್ತಾರಾ?"

"ಆರು" ಎಂದಳು ಕುಂದುಜ್.

"ಆರಾ?" ತಾಲಾಯ್‌ನ ಹೆಂಡತಿ ಬಾತ್ಮಾ ಸೌಟು ಹಿಡಿದೇ ಎದ್ದಳು. "ಅದ್ಯಾವ ಒಂದು ಕಡಿಮೆ ಮಾಡಿದೀವಿ ತಾಯಿ? ಹಾಸ್ಟೆಲ್‌ಗೆ ಮಾಂಸ ಹೊತ್ತು ತಂದೋಳು ನಾನಾ, ಆ ಕೊಚ್ಕೋರ್ ಅತ್ತೇನಾ?"

"ಏಳು" ಎಂದು ತಿದ್ದಿದಳು ಕುಂದುಜ್.

"ತೀರ್ಮಾನ ತಗೊಳ್ಳೋವಾಗ ಮನೆಯವರು ಜೊತೆಗಿರ್ತಾರಾ?"

"ಜೊತೆಗೇನು, ಪೂರ್ತಿ ನಾವೇ ತಗೋತೀವಿ! ಅವಳಿಗೆ ಆ ತಲೆನೋವೇ ಇಲ್ಲ" ಎಂದು ತಾಲಾಯ್ ಫೋನಿನತ್ತ ಬಗ್ಗಿ ಕೂಗಿದ. "ಎಂಟು ಇದ್ರೆ ಎಂಟು ಬರ್ಕೋ!"

"ಏಳು" ಎಂದಳು ಕುಂದುಜ್.

"ಕೊನೇದು. ನಿಮ್ಮ ಕಷ್ಟಗಳನ್ನ ಮನೇಲಿ ಹೇಳ್ಕೋಬಹುದಾ?"

ಕುಂದುಜ್ ಕೈ ಓಲೆಗೆ ಹೋಯಿತು. ಕೊಂಡಿಯನ್ನು ಹಿಡಿದು ತಿರುಗಿಸಿದಳು. ಬಾಯಿ ತೆರೆದಳು. ನಾನು ನೂಲುವುದನ್ನು ನಿಲ್ಲಿಸಿ ಕಾದೆ.

"ಹೇಳೇ, ಕರೆನ್ಸಿ ಮುಗಿಯತ್ತೆ ಪಾಪ ಅವಳ್ದು" ಎಂದ ತಾಲಾಯ್.

"ಏಳು, ಬೈಕೆ" ಎಂದಳು. ನನ್ನನ್ನು ಅಪಾ ಎನ್ನುವವಳಿಗೆ ಅವನು ಬೈಕೆ, ಅಂದರೆ ಅಣ್ಣನೇ ತಾನೇ. ಆದರೆ ಪ್ರಶ್ನೆ ಕೇಳಿದ್ದು ಅವನಲ್ಲವಲ್ಲ!

"ಎಲ್ಲದಕ್ಕೂ ಏಳು! ಇಲ್ಲಿವರೆಗೆ ನಿಮ್ಮದೇ ಜಾಸ್ತಿ" ಎಂದು ಆ ಹುಡುಗಿ ಖುಷಿಯಾಗಿ ಫೋನಿಟ್ಟಳು. ಗೆದ್ದ ಸಂಭ್ರಮಕ್ಕೆ ಬಾತ್ಮಾ ಎಣ್ಣೆ ಕಾಯಲಿಟ್ಟು ಬೋರ್ಸೋಕ್ ಕರಿದಳು. ಮೊದಲ ಬಟ್ಟಲು ಕುಂದುಜ್ ಮುಂದಿಟ್ಟಳು. ಪ್ರೀತಿ ಇಲ್ಲ ಎಂದು ನಾನು ಹೇಳಲಾರೆ. ಅದೇ ನೋಡು ಕಷ್ಟ. ಬೈದಿದ್ದರೆ, ಹೊಡೆದಿದ್ದರೆ, ಹುಡುಗಿ ಎದುರಾದರೂ ನಿಲ್ಲುತ್ತಿದ್ದಳು.

ಸಂಜೆ ಕೊಟ್ಟಿಗೆಯಲ್ಲಿ ಅವಳು ಹಾಲು ಕರೆಯುವಾಗ ಕೇಳಿದೆ, "ಆ ಕೊನೇ ಪ್ರಶ್ನೆಗೆ ನಿಜ ಹೇಳಿದ್ಯೇನೇ ಮರಿ?"

"ಫೋನು ಎಲ್ಲರಿಗೂ ಕೇಳಿಸ್ತಿತ್ತಲ್ಲ ಅಪಾ."

"ಈಗ ನಾವಿಬ್ಬರೇ. ನಂಗೆ ಹೇಳು."

ಕೆಚ್ಚಲಿನಿಂದ ಕೈ ತೆಗೆಯದೆ ಕೇಳಿದಳು, "ಹೇಳಿದ್ರೆ, ನೀನು ಯಾರಿಗೆ ಹೇಳ್ತೀಯಾ?"

ಬಾಗಿಲ ಬಳಿ ತಾಲಾಯ್‌ನ ಬೂಟು ಹಿಮ ತುಳಿಯುವ ಸದ್ದಾಯಿತು. ನಾನು ಹಸುವಿನ ಬೆನ್ನು ಸವರುತ್ತಾ ನಿಂತೆ.

ಅದಕ್ಕೇ ನಿನ್ನನ್ನು ಕರೆಸಿದ್ದು. ನಾಳೆ ನಾರಿನ್‌ಗೆ ಹೋಗುತ್ತೀಯಲ್ಲ, ಆ ಫೋನಿನ ಹುಡುಗಿಯನ್ನು ಹುಡುಕು. ಶುಕ್ರವಾರ ಮಧ್ಯಾಹ್ನ ಮತ್ತೊಮ್ಮೆ ಫೋನ್ ಮಾಡಲು ಹೇಳು. ಸೊಂಟ ನೋವು, ಆಸ್ಪತ್ರೆಗೆ ನಡೆಯಿರಿ ಎಂದು ಹಟ ಹಿಡಿದು, ತಾಲಾಯ್, ಬಾತ್ಮಾ ಇಬ್ಬರನ್ನೂ ಹೊರಡಿಸಿಕೊಂಡು ಹೋಗಿರುತ್ತೇನೆ. ಮನೆಯಲ್ಲಿ ಅವಳೊಬ್ಬಳೇ ಇರುತ್ತಾಳೆ. ಆ ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳಬೇಕು ಎಂದು ಹೇಳು. ಕುಂದುಜ್ ಏನು ಹೇಳಿದರೂ ಆ ಹುಡುಗಿ ಸುಮ್ಮನೆ ಕೇಳಿಸಿಕೊಳ್ಳಲಿ. ಬೇಗ ಫೋನಿಡಬಾರದು, ಅದನ್ನೂ ಹೇಳು.