ಕೊರೆಯುವ ಸದ್ದು ನಿಂತ ಮಧ್ಯಾಹ್ನ

೨೦೧೬ರ ಬೇಸಿಗೆ. ಬೀದರಿನ ಕಾಲೇಜೊಂದರ ನೆಲಮಾಳಿಗೆಯಲ್ಲಿ ಮೀರಾಬಾಯಿ ಎರಡು ಪರಮಾಣುಗಳನ್ನು ಕಾಯುತ್ತಿದ್ದರು. ಔರಾದ ಹತ್ತಿರದ ಚಿಂತಾಕಿಯಲ್ಲಿ ಹುಟ್ಟಿ, ಪುಣೆಯಲ್ಲಿ ಭೌತಶಾಸ್ತ್ರ ಓದಿ, ಇಲ್ಲಿಗೇ ಪಾಠ ಹೇಳಲು ಮರಳಿದವರು. ಗಾಳಿ ತೆಗೆದ ಎರಡು ಲೋಹದ ಪಾತ್ರೆಗಳು. ಒಂದೊಂದರಲ್ಲೂ ವಿದ್ಯುತ್ತಿನ ಹಿಡಿತದಲ್ಲಿ ತೇಲುವ ಒಂದು ಕ್ಯಾಲ್ಸಿಯಂ ಅಯಾನು, ಅಂದರೆ ವಿದ್ಯುದಂಶ ಹೊತ್ತ ಪರಮಾಣು. ಲೇಸರ್ ತಾಗಿದಾಗ ಪ್ರತಿಯೊಂದೂ ಒಂದೇ ಒಂದು ಬೆಳಕಿನ ಕಣವನ್ನು ಹೊರಬಿಡಬೇಕು. ಎರಡೂ ಕಣಗಳು ತದ್ರೂಪವಾಗಿದ್ದರೆ ಅರ್ಧ ಬೆಳಕನ್ನು ಹಾಯಗೊಡುವ ಅರೆಗನ್ನಡಿಯಲ್ಲಿ ಕೂಡಿ ಒಂದೇ ಕಡೆಗೆ ಹೊರಡುತ್ತವೆ. ಹಾಗಾದರೆ ಮಾತ್ರ ದೂರದ ಅಯಾನುಗಳನ್ನು ಜಾಲವಾಗಿ ಹೆಣೆಯಬಹುದು. ಮುಂದೊಂದು ದಿನ ಭಾಲ್ಕಿಯವರೆಗೆ ಅಂಥ ಎಳೆ ಎಳೆಯುವ ಆಸೆ ಅವರಿಗಿತ್ತು.

ಆದರೆ ಕಣಗಳು ಬೇರೆ ಬೇರೆ ದಾರಿ ಹಿಡಿಯುತ್ತಿದ್ದವು. ಮೇಜು ಸಣ್ಣಗೆ ನಡುಗುತ್ತಿತ್ತು, ಲೇಸರಿನ ಬಣ್ಣ ಜಾರುತ್ತಿತ್ತು. ಕಾರಣ ಹುಡುಕುತ್ತ ಹೊರಗೆ ಬಂದರೆ ಹುಡುಗಿಯರ ಹಾಸ್ಟೆಲಿನ ಹಿಂದೆ ಬೋರ್‌ವೆಲ್ ಗಾಡಿ ನಿಂತಿತ್ತು.

“ಸ್ವಲ್ಪ ಹೊತ್ತು ನಿಲ್ಲಸ್ತೀರೇನ್ರಿ?” ಎಂದು ಗಾಡಿಯ ಖಾಜಾ ಮಿಯಾನನ್ನು ಕೇಳಿದರು.

“ಹ್ಯಾಂಗ ನಿಲ್ಲಸ್ಲಿ ಬಾಯಿ? ಪೋರಿಗೋಳಿಗಿ ಕುಡಿಲಾಕ ನೀರಿಲ್ರಿ.”

ಮೀರಾಬಾಯಿ ನೆಲಮಾಳಿಗೆಗೆ ಮರಳಿದರು. ಒಂದು ಕಡೆ ನೀರು ಸಿಗದೆ ಗಾಡಿ ಮತ್ತೊಂದು ಕಡೆ ಕೊರೆಯಿತು; ಆಮೇಲೂ ಎಷ್ಟೋ ದಿನ ನೆಲ ಗುಡುಗುಟ್ಟಿತು.

ಒಂದು ಮಧ್ಯಾಹ್ನ, ದಾರಿ ಬೇರೆಯಾದ ಕಣಗಳನ್ನು ಎಣಿಸುವ ಪರದೆಯ ಮೇಲಿನ ಗೆರೆ ತಾನಾಗಿ ಕುಸಿಯಿತು. ಕಣಗಳು ಜೊತೆಬಿಡದೆ ಒಂದೇ ಕಡೆಗೆ ಹೋಗತೊಡಗಿದ್ದವು. ವರ್ಷಗಟ್ಟಲೆ ಕಾದ ಗಳಿಗೆ. ಸಂಜೆಯ ತನಕ ಅಳತೆ ಹಿಡಿದರು. ಎದ್ದಾಗಲೇ ಅವರಿಗೆ ಅರಿವಾದದ್ದು: ಹೊರಗೆ ಸದ್ದಿಲ್ಲ.

ಖಾಜಾ ಮಿಯಾ ಪೈಪು ಬಿಚ್ಚಿ ಗಾಡಿಗೇರಿಸುತ್ತಿದ್ದ. ಸುತ್ತಲ ಗಿಡಗಳ ಮೇಲೆಲ್ಲ ಬೂದಿಬಣ್ಣದ ಪುಡಿ.

“ನೀರ ಬಂತೇನ್ರಿ?”

“ಇಲ್ರಿ, ಬರೇ ಧೂಳ. ಜನವಾಡದಾಗ ಇದೇ, ಭಾಲ್ಕಿ ಕಡಿ ಭಿ ಇದೇ.” ಅವನು ತಲೆ ಎತ್ತಲಿಲ್ಲ. “ಕೆಳಗ ಏನೂ ಉಳದಿಲ್ರಿ ಬಾಯಿ.”

ಮರುದಿನ ಬೆಳಿಗ್ಗೆ ಹಾಸ್ಟೆಲಿನ ಅಡುಗೆಯ ಈರಮ್ಮ ನೆಲಮಾಳಿಗೆಯ ಬಾಗಿಲಲ್ಲಿ ನಿಂತಿದ್ದಳು. “ನಿಮ್ಮ ಮಷಿನ್ ತಂಪ ಮಾಡ್ಲಾಕ ಕ್ಯಾನಿನ್ಯಾಗ ನೀರ ಇಟ್ಟೀರಂತಲ್ರಿ. ಪೋರಿಗೋಳು ಊರಿಗಿ ಹೋಗೋತನಕ ಕೊಡ್ರಿ.”

“ಊರಾಗ ನೀರ ಐತೇನು?”

“ಇಲ್ರಿ. ಅವರ ಮಂದಿ ದುಡಿಲಾಕ ಹೈದ್ರಾಬಾದಿಗಿ ಹೊಂಟಾರ. ಇವ್ರನ್ನೂ ಕರ್ಕೊಂಡ ಹೋಗ್ತಾರ.”

ಮೀರಾಬಾಯಿ ಒಂದೊಂದಾಗಿ ಲೇಸರುಗಳನ್ನು ಆರಿಸಿದರು. ಪರದೆಯ ಮೇಲೆ ಮಿನುಗುತ್ತಿದ್ದ ಅಯಾನುಗಳ ಎರಡು ಚುಕ್ಕೆಗಳು ಮಾಯವಾದವು. ಬಳಿಕ ಈರಮ್ಮನ ಜೊತೆ ತಾವೂ ಕ್ಯಾನು ಹೊತ್ತು ಮೆಟ್ಟಿಲೇರಿದರು.

ಜೂನಿನಲ್ಲಿ ಮಳೆ ಬಂತು, ಕಾಲೇಜು ತೆರೆಯಿತು. ಮೊದಲ ತರಗತಿಯಲ್ಲಿ ಮೀರಾಬಾಯಿ ಹಾಜರಿ ಕೂಗಿದರು. ಎಷ್ಟೋ ಹೆಸರುಗಳಿಗೆ ಯಾರೂ ಓಗೊಡಲಿಲ್ಲ. ಆ ಹುಡುಗಿಯರು ಎಲ್ಲಿದ್ದಾರೆಂದು ಕೇಳಿದರೆ ಉಳಿದವರಲ್ಲೊಬ್ಬಳು ಕಿಟಕಿಯಾಚೆಯ ಮಳೆ ನೋಡುತ್ತ, “ಹೈದ್ರಾಬಾದಿನ್ಯಾಗೇ ಉಳದಾರ್ರಿ” ಎಂದಳು.