ಕುದಿಸಿದ ಎಂಜಲು

ಜೀವರಸಾಯನದ ಮೊದಲ ಪ್ರಯೋಗಕ್ಕೆ ಭಾರಿ ಸಾಮಾನೇನೂ ಬೇಕಿಲ್ಲ. ತಿಳಿಯಾದ ಗಂಜಿ, ಅಯೋಡಿನ್, ಒಂದಿಷ್ಟು ಉಗುಳು ಇದ್ದರೆ ಆಯಿತು. ಗಂಜಿಗೆ ಅಯೋಡಿನ್ ಹಾಕಿದರೆ ಕಡುನೀಲಿ ಬಣ್ಣ ಬರುತ್ತದೆ. ಅದೇ ಗಂಜಿಗೆ ಉಗುಳು ಬೆರೆಸಿ ಉಗುರುಬೆಚ್ಚಗೆ ಇಟ್ಟರೆ, ಉಗುಳಿನ ಕಿಣ್ವ ಗಂಜಿಯನ್ನು ಒಡೆದು ಸಕ್ಕರೆ ಮಾಡುತ್ತದೆ, ಆಮೇಲೆ ಅಯೋಡಿನ್ ಹಾಕಿದರೂ ನೀಲಿ ಬರುವುದಿಲ್ಲ. ಉಗುಳನ್ನು ಕುದಿಸಿದಿರೋ, ಕಿಣ್ವ ಸತ್ತು ನೀಲಿ ಹಾಗೇ ಉಳಿಯುತ್ತದೆ. ಬೈಲಹೊಂಗಲದ ಕಾಲೇಜೊಂದರಲ್ಲಿ ನಾನು ಕಲಿಸುವುದು ಇದನ್ನೇ.

ಆದರೆ ಉಗುಳು ಕೊಡುವವರು ಯಾರು? ಎಂಜಲಿಗೆ ಸೂತಕವಿಲ್ಲ ಎಂದು ಮಠದಲ್ಲಿ ಕೇಳಿ ತಲೆದೂಗಿ ಬಂದವರೇ ಮನೆಯಲ್ಲಿ ತುಟಿಗೆ ತಾಗಿಸದೆ ತಂಬಿಗೆ ಎತ್ತಿ ನೀರು ಕುಡಿಯುವ ಸೀಮೆ ನಮ್ಮದು. ಬೀಕರ್ ಮುಂದೆ ಹಿಡಿದರೆ ಹುಡುಗಿಯರು ಬಾಯಿಗೆ ಓಢಣಿ ಒತ್ತಿಕೊಂಡು ನಗುತ್ತಾರೆ, ಹುಡುಗರು ಗೋಡೆ ನೋಡುತ್ತಾರೆ. ಕೊನೆಗೆ ನಾನೇ ಬಾಯಿ ಮುಕ್ಕಳಿಸಿ, ಒಂದು ಗುಟುಕು ನೀರನ್ನು ಬಾಯಲ್ಲಿ ಆಡಿಸಿ ಬೀಕರಿಗೆ ಬಿಟ್ಟು, ಹತ್ತಿಯಲ್ಲಿ ಸೋಸಿ ಎಲ್ಲರಿಗೂ ಹಂಚುತ್ತಿದ್ದೆ.

ಹಂಚುವಾಗೆಲ್ಲ ಒಳಗೊಂದು ಅಂಜಿಕೆ ಇದ್ದೇ ಇರುತ್ತಿತ್ತು. ನನ್ನ ಗಂಡ ತೀರಿಕೊಂಡದ್ದು ಟಿಬಿಯಿಂದ. ನನ್ನ ಕಫ, ಎದೆಯ ಎಕ್ಸ್‌ರೇ ಎಲ್ಲ ನೋಡಿ ನನಗೇನೂ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೂ ಕಟಕೋಳದ ತವರುಮನೆಯಲ್ಲಿ ಅಣ್ಣನ ಹೆಂಡತಿ, ನನ್ನ ವೈನಿ, ನನ್ನ ತಾಟು, ಚಹಾದ ಕಪ್ಪು ಬೇರೆ ಇಟ್ಟಳು. ಆ ರೋಗ ಕೆಮ್ಮಿದ ಗಾಳಿಯಿಂದ ಬರುತ್ತದೆ, ಕಪ್ಪಿನಿಂದ ಅಲ್ಲ ಎಂದು ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅಣ್ಣ ಬಾಯಿ ಬಿಡಲಿಲ್ಲ. ಅವನ ಆ ಮೌನಕ್ಕೆ ನಾನು ಇಂದಿಗೂ ಸಿಟ್ಟಾಗಿದ್ದೇನೆ.

ಹಾಗಾಗಿ ಬೈಲಹೊಂಗಲದಲ್ಲಿ ಬಾಡಿಗೆಗೆ ಖೋಲಿ ಹಿಡಿದಾಗ ಗಂಡನ ರೋಗದ ಸುದ್ದಿ ಯಾರಿಗೂ ಹೇಳಲಿಲ್ಲ. ಅದು ಇಲ್ಲಿಗೂ ಬಂದರೆ ನಾನು ಮುಟ್ಟಿದ ಗಾಜಿನ ಪ್ರನಾಳವನ್ನೂ ಯಾರೂ ಮುಟ್ಟಲಿಕ್ಕಿಲ್ಲ, ಈ ಊರನ್ನೂ ಬಿಡಬೇಕಾದೀತು ಎಂಬ ಅಂಜಿಕೆ. ಯಾರಾದರೂ ಹತ್ತಿರ ಬಂದರೆ ಮನೆಯವರ ಬಗ್ಗೆ ಕೇಳುತ್ತಾರೆ, ಅದಕ್ಕೇ ದೂರವೇ ಇದ್ದೆ. ಮಧ್ಯಾಹ್ನ ಲ್ಯಾಬಿನ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದೆ. ಭಾನುವಾರ ಇಡೀ ದಿನ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಈಚೆಗೆ ಒಂದು ದಿನ ಎಲ್ಲರ ಗಂಜಿಯಲ್ಲೂ ನೀಲಿ ಹೋಯಿತು, ದೊಡವಾಡದ ಬಸ್ಸಿಗೆ ಬರುವ ಹುಡುಗಿಯೊಬ್ಬಳದು ಮಾತ್ರ ಹೋಗಲಿಲ್ಲ. ಎಷ್ಟು ಸಲ ಅಯೋಡಿನ್ ಹಾಕಿದರೂ ಕಡುನೀಲಿ. ಅವಳಿಗೆ ಕೊಟ್ಟಿದ್ದ ಉಗುಳಿನ ಪ್ರನಾಳ ಮುಟ್ಟಿ ನೋಡಿದೆ, ಕೈ ಸುಟ್ಟಿತು. ಕುದಿಸಿದೆಯೇನು ಎಂದು ಕೇಳಿದ್ದಕ್ಕೆ ತಲೆ ತಗ್ಗಿಸಿ ಹೌದೆಂದಳು.

ಸುದ್ದಿ ಬಂತು ಎಂದುಕೊಂಡೆ. ಅವಳನ್ನು ಹಿಂದಿನ ಕೋಣೆಗೆ ಕರೆದು ನೇರವಾಗಿ ಕೇಳಿಯೇಬಿಟ್ಟೆ.

"ನನ್ನ ಮನಿಯವರು ಟಿಬಿ ಆಗಿ ಹೋದ್ರಂತ ನಿನಗ ಯಾರ ಹೇಳಿದ್ರು? ಅದಕ್ಕ ಕುದಿಸಿದಿ ಹೌದಿಲ್ಲೊ?"

ಹುಡುಗಿ ಗಾಬರಿಯಾದಳು. ಆಮೇಲೆ ಅಳುತ್ತ ಹೇಳಿದ್ದು ಇಷ್ಟು. ಉಗುಳನ್ನು ಅಳೆದು ಎಳೆಯುವ ಗಾಜಿನ ಪಿಪೆಟ್ಟಿನ ರಬ್ಬರ್ ಬುಗ್ಗೆ ಹರಿದಿತ್ತು. ಬಾಯಿಂದ ಎಳೆಯಬೇಡಿರೆಂದು ನಾನು ಬಡಕೊಂಡದ್ದು ಗೊತ್ತಿದ್ದೂ ಬಾಯಿ ಹಚ್ಚಿ ಎಳೆದಿದ್ದಳು. ನನ್ನ ಉಗುಳು ಒಂದು ಗುಟುಕು ಅವಳ ಬಾಯಿಗೆ ಬಂದುಬಿಟ್ಟಿತು. ಅದನ್ನು ತಿರುಗಿ ಪ್ರನಾಳಕ್ಕೇ ಬಿಟ್ಟಳು.

"ನನ್ನ ಎಂಜಲ ನಿಮ್ಮದರಾಗ ಕೂಡ್ತ್ರಿ ಮೇಡಮ್. ಗುರುಗಳದಕ್ಕ ನಮ್ಮದು ಕೂಡಬಾರದಂತ ಕುದಿಸಿದ್ನಿರಿ."

ಅವರ ಮನೆಯಲ್ಲಿ ಎಂಜಲಾದ ಪಾತ್ರೆಗೆ ಕುದಿನೀರು ಸುರಿಯುವ ಪದ್ಧತಿಯಂತೆ. ಅದನ್ನೇ ಇಲ್ಲಿಯೂ ನಡೆಸಿದ್ದಳು. ಮಡಿ ಮಾಡಲು ಹೋಗಿ ಇಬ್ಬರ ಕಿಣ್ವವನ್ನೂ ಕೊಂದಿದ್ದೀಯಲ್ಲ ಹುಚ್ಚಿ ಎಂದು ಬೈದೆ. ಬೈಯುವಾಗ ನಗುವೂ ಬಂತು, ಜೀವವೂ ತಿರುಗಿ ಬಂತು. ಆದರೆ ಸಿಟ್ಟಿನಲ್ಲಿ ನನ್ನ ಗುಟ್ಟನ್ನು ನಾನೇ ಬಿಟ್ಟುಕೊಟ್ಟಿದ್ದೆ. ಟಿಬಿಯ ಮಾತನ್ನು ಯಾರ ಮುಂದೆಯೂ ಆಡಬೇಡ ಎಂದು ಅವಳನ್ನು ಬೇಡಿಕೊಂಡೆ.

"ಅದು ಎಲ್ಲಾರಿಗೂ ಗೊತ್ತೈತ್ರಿ," ಎಂದಳು ಹುಡುಗಿ, ಕಣ್ಣೊರೆಸಿಕೊಳ್ಳುತ್ತ. "ನಮ್ಮ ಅತ್ತಿ ಕಟಕೋಳದಾಗ ಅದಾಳ್ರಿ. ನೀವು ಬಂದಾಗಿಂದ ಗೊತ್ತೈತಿ."

ನಾನು ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಗೊತ್ತಿದ್ದೂ ಇಷ್ಟು ದಿನ ನನ್ನ ಉಗುಳನ್ನು ಹಂಚಿಕೊಂಡು ಪ್ರಯೋಗ ಮಾಡಿದ್ದರು. ಗೊತ್ತಿದ್ದೂ ಇವಳು ಬಾಯಿ ಹಚ್ಚಿದ್ದಳು. ಹಾಗಾದರೆ ಒಂದು ದಿನವಾದರೂ ಊಟಕ್ಕೆ ಯಾಕೆ ಕರೆಯಲಿಲ್ಲ ಎಂದು ಕೇಳಿದೆ.

"ನೀವು ಬಾಗಲಾ ಹಾಕ್ಕೊಂಡು ಉಣ್ತಿದ್ರಿ. ನಿಮಗ ನಾವು ಬ್ಯಾಡಂತ ತಿಳಕೊಂಡ್ವಿರಿ."

ಎದ್ದು, ಕುದಿಸದ ಉಗುಳಿನ ಹೊಸ ಪ್ರನಾಳ ಕೊಟ್ಟು ಪ್ರಯೋಗ ಮತ್ತೆ ಮಾಡಿಸಿದೆ. ಈ ಸಲ ನೀಲಿ ಬರಲಿಲ್ಲ, ಹುಡುಗಿ ಖುಷಿಯಾದಳು.

ಊಟದ ಗಂಟೆ ಬಾರಿಸಿತು. ಹೊರಗೆ ಪಡಸಾಲೆಯಲ್ಲಿ ಎಲ್ಲರೂ ದುಂಡಗೆ ಕುಳಿತು ರೊಟ್ಟಿ ಗಂಟು ಬಿಚ್ಚಿದರು. ಅವಳು ಬಾಗಿಲಿಗೆ ಬಂದು, ಬರ್ರಿ ಮೇಡಮ್ ಎಂದು ಕರೆದಳು. ನೀವು ಶುರು ಮಾಡ್ರಿ, ಬಂದೆ ಎಂದೆ. ಹೋಗಬೇಕೆಂದು ಜೀವ ಎಳೆಯುತ್ತಿತ್ತು. ಆದರೆ ನಾಲ್ಕು ಜನರ ನಡುವೆ ಹೋಗಿ ಹೇಗೆ ಕೂರುವುದು, ಮೊದಲ ಮಾತು ಏನು ಆಡುವುದು ಎಂಬುದೇ ನನಗೆ ಮರೆತುಹೋಗಿತ್ತು. ನಳದ ನೀರು ಬಿಟ್ಟುಕೊಂಡು, ತೊಳೆದಿಟ್ಟ ಪ್ರನಾಳಗಳನ್ನೇ ಮತ್ತೆ ತೊಳೆಯುತ್ತ ನಿಂತೆ, ಅವರ ಊಟ ಮುಗಿಯುವವರೆಗೂ.