ದೇವ್ರು ಕಾಯ್ತಾನ, ಬಸರಿ ಕಾಯಂಗಿಲ್ಲ

ನಮ್ಮ ಅತ್ತಿ ಹಂಪಮ್ಮ ಬೈಯದೇ ಅಡುಗೆ ಮಾಡಿದ್ದನ್ನು ನಾನು ಕಂಡಿದ್ದೇ ಕಡಿಮೆ. ಬೈಗುಳ ಮನೆಯವರಿಗಲ್ಲ, ಒಲೆ ಮೇಲಿದ್ದದ್ದಕ್ಕೆ. ಬೇಳೆ ಬೇಯುವುದು ತಡವಾದರೆ, "ಇನ್ನೂ ಹಂಗ ಕುಂತೀಯೇನ್ಲೇ? ನಿಮ್ಮಪ್ಪ ಬಂದು ಎಬ್ಬಿಸಬೇಕೇನು?" ಅನ್ನೋರು. ಹಾಲು ಉಕ್ಕಿದರೆ, "ಸಾಕು ಮೆರದಿದ್ದು, ಇಳಿ." ಸಾಸಿವೆ ಸಿಡಿದು ಕೈ ಸುಟ್ಟರೆ ಮಾತ್ರ ತೆಲುಗು ಬರುತ್ತಿತ್ತು: "ಓರಿ, ನೀ ಇಲ್ಲು ಬಂಗಾರಂಗಾನು!" ನಿನ್ನ ಮನೆ ಬಂಗಾರವಾಗಲಿ ಅಂತ. ಬೈಯುವಾಗಲೂ ಹರಸುವ ಹೆಂಗಸು ಅವರು.

ಮದುವೆಯಾಗಿ ಸಿರುಗುಪ್ಪದಿಂದ ಕುರುಗೋಡಿಗೆ ಬಂದ ಹೊಸತರಲ್ಲಿ ನನಗೆ ಇದು ಗೊತ್ತಿರಲಿಲ್ಲ. ಇದೆಲ್ಲ ಸೊಸೆಗೆ ಓರೆಯಲ್ಲಿ ಅನ್ನುತ್ತಿರುವ ಮಾತು ಅಂತ ತಿಳಿದು ಹಿತ್ತಲಲ್ಲಿ ನಿಂತು ಅತ್ತಿದ್ದೆ. ನನ್ನ ಗಂಡ ಮಂಜುನಾಥ ಹುಡುಕಿಕೊಂಡು ಬಂದು ನಕ್ಕುಬಿಟ್ಟ. "ನಿನಗ ಬೈಬೇಕಂದ್ರ ನಮ್ಮವ್ವ ನಿನ್ನ ಹೆಸರು ಹಿಡ್ದು, ಎದುರಿಗೆ ನಿಲ್ಲಿಸಿ ಬೈತಾಳ. ಅದು ಬ್ಯಾಳಿಗೆ ಅಂದಿದ್ದು, ಹುಚ್ಚಿ."

ಅತ್ತಿ ಗಿಡ್ಡ ಆಳು. ಸೆರಗು ಸದಾ ಸೊಂಟದಲ್ಲಿ, ಹಣೆಯಲ್ಲಿ ಕಾಸಗಲ ಕುಂಕುಮ. ಮಾವ ಹೋದ ಮೇಲೂ ಅವರು ಕುಂಕುಮ ಬಿಡಲಿಲ್ಲ. ಯಾರೋ ಮುಖಕ್ಕೆ ಹೊಡೆದಂತೆ ಕೇಳಿದ್ದಕ್ಕೆ, "ಇದು ನಾನು ಹುಟ್ಟಿದಾಗ ನಮ್ಮವ್ವ ಹಚ್ಚಿದ್ದು. ಗಂಡ ತಂದಿದ್ದು ಗಂಡನ ಕೂಡ ಹೋತು, ಅವ್ವ ಹಚ್ಚಿದ್ದು ಇರ್ತೈತಿ" ಅಂದರಂತೆ. ಕೇಳಿದವರು ಮತ್ತೆ ಆ ಮಾತು ಎತ್ತಿಲ್ಲ.

ಅವರಿಗೆ ಹೆಣ್ಣುಮಕ್ಕಳಿರಲಿಲ್ಲ, ನನಗೆ ಅವ್ವ ಇರಲಿಲ್ಲ. ಇನ್ನೂ ಪ್ರೈಮರಿ ಸಾಲಿಗೆ ಹೋಗುವಾಗಲೇ ಅವ್ವನನ್ನು ಕಳಕೊಂಡವಳು ನಾನು. ಅಕ್ಕಿ ಮಿಲ್ಲಿನಲ್ಲಿ ದುಡಿಯುವ ಅಪ್ಪನೇ ಜಡೆ ಹಾಕಿ ಬೆಳೆಸಿದ್ದ. ಹಾಗಾಗಿ ನನಗೆ ಬೇಕು ಬೇಡ ಅನ್ನುವುದನ್ನು ಬಾಯಿಬಿಟ್ಟು ಹೇಳುವ ರೂಢಿಯೇ ಇರಲಿಲ್ಲ.

ಮೊದಲನೇ ಬಸಿರು ನಿಲ್ಲಲಿಲ್ಲ. ಎರಡನೆಯದು ನಿಂತಿತು, ಆದರೆ ಅನ್ನದ ವಾಸನೆ ಬಂದರೂ ಹೊಟ್ಟೆ ತೊಳಸಿ ಬರುತ್ತಿತ್ತು. ರೊಟ್ಟಿ ಬೇಡ, ಸಾರು ಬೇಡ, ಮಜ್ಜಿಗೆಯೂ ನಿಲ್ಲದು. ತೂಕ ಏರುವುದಿರಲಿ, ಇಳಿಯುತ್ತಾ ಹೋಯಿತು. ಬಳ್ಳಾರಿಯ ಡಾಕ್ಟರಮ್ಮ ರಿಪೋರ್ಟು ನೋಡಿ, "ಏನಾದ್ರೂ ಸರಿ, ಹೊಟ್ಟೆಗೆ ಹೋಗ್ಬೇಕಮ್ಮ. ಇಲ್ಲಾಂದ್ರೆ ಮಗೂಗೆ ಕಷ್ಟ" ಅಂದರು. ಬಸ್ಸಿನಲ್ಲಿ ಕುರುಗೋಡಿಗೆ ವಾಪಸು ಬರುವಾಗ ಹೊಟ್ಟೆ ಮೇಲಿನ ಕೈ ತೆಗೆಯಲು ನನಗೆ ಭಯವಾಗುತ್ತಿತ್ತು. ಇದೂ ಹೋದರೆ ನಾನು ಉಳಿಯುವುದಿಲ್ಲ ಅನ್ನಿಸಿತ್ತು.

ಮನೆಗೆ ಬಂದ ಕೂಡಲೇ ಅತ್ತಿ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಅಂತ ನಮ್ಮ ಕಡೆ ಮಾತು. ಅವರ ಪಾಲಿಗೆ ಅದು ಬರೀ ಮಾತಲ್ಲ, ಕಾಯಿದೆ.

"ಏನ್ ತಿನ್ನಬೇಕು ಅನಿಸ್ತೈತಿ, ಹೇಳು."

"ಏನಿಲ್ರಿ ಅತ್ತಿ."

"ಏನಿಲ್ಲ ಅನ್ನಾಕ ನೀನೇನು ಸನ್ಯಾಸೀನಾ? ಬಸರಿ ಅದೀ. ಹೇಳ್ತೀಯೋ, ದೇವ್ರ ಮುಂದ ಕುಂದರಿಸಿ ಕೇಳ್ಲೋ?"

ನಾಚಿಕೆಯಿಂದ ನೆಲ ನೋಡುತ್ತಾ ಹೇಳಿದೆ. ಫೋನಿನಲ್ಲಿ ಒಬ್ಬ ಗಡ್ಡದವನ ವಿಡಿಯೋ ನೋಡಿದ್ದೆ. ಕರೀ ಕಬ್ಬಿಣದ ಬಾಣಲೆ, ಅದರ ಮೇಲೆ ಅಂಗೈಯಗಲದ ಮಾಂಸ, ಬೆಣ್ಣೆ, ಪಕ್ಕದಲ್ಲಿ ಕರಿದ ಆಲೂಗಡ್ಡೆ. ಸ್ಟೀಕು, ಫ್ರೈಸು. ಊರಲ್ಲಿ ಯಾರೂ ತಿನ್ನದ, ನಾನೂ ಒಮ್ಮೆಯೂ ತಿನ್ನದ ಅದರ ಮೇಲೆ ನನ್ನ ಜೀವ ಕೂತಿತ್ತು. ನಗುತ್ತಾರೆ ಅಂದುಕೊಂಡಿದ್ದೆ. ಅತ್ತಿ ಕನ್ನಡಕ ಏರಿಸಿ ವಿಡಿಯೋವನ್ನು ಕಡೆಯವರೆಗೂ ನೋಡಿದರು. "ಇವ ಏನ್ ಮಾತಾಡ್ತಾನೋ ಶಿವನೇ ಬಲ್ಲ. ಆದ್ರ ಕೈ ಚಲೋ ಐತಿ" ಅಂದು ಎದ್ದರು. ಬಳ್ಳಾರಿಯ ಯಾವುದಾದರೂ ದೊಡ್ಡ ಹೋಟೆಲಿನಿಂದ ಕಟ್ಟಿಸಿಕೊಂಡು ಬರುತ್ತೇನೆ ಅಂತ ಮಂಜುನಾಥ ಅಂದದ್ದಕ್ಕೆ, "ಕಟ್ಟಿಸ್ಕೊಂಡು ಬಂದ ಬುತ್ತಿಗೆ ಬಯಕಿ ತೀರಂಗಿಲ್ಲೋ. ಮನಿ ಒಲಿ ಮ್ಯಾಲೆ ಆಗಬೇಕು" ಅಂದರು.

ವಿಡಿಯೋದಲ್ಲಿದ್ದದ್ದು ಯಾವ ಪ್ರಾಣಿಯೋ, ನಮ್ಮದು ಕುರಿ. ಮಟನ್ ಅಂಗಡಿ ಖಾಜಾನಿಗೆ ಅತ್ತಿ ಕೈಯಲ್ಲಿ ಅಳತೆ ತೋರಿಸಿ, ತೊಡೆಯಲ್ಲಿ ಎಲುಬಿಲ್ಲದ ಇಡೀ ತುಂಡು ಬೇಕೆಂದರು. ಖಾಜಾ ಕತ್ತಿ ಕೆಳಗಿಟ್ಟು ನಕ್ಕ. "ಇದೇನವ್ವಾ, ಚಪ್ಪಲಿಗೆ ಅಟ್ಟಿ ಹಾಕಿಸ್ತೀಯೇನು?"

"ನಗಬ್ಯಾಡಲೇ. ಬಸರಿ ಬಯಕಿ."

ಅವನ ನಗು ಅಲ್ಲೇ ನಿಂತಿತಂತೆ. ಕಡಿಯಲು ಹಿಡಿದಿದ್ದ ಮಾಂಸ ಪಕ್ಕಕ್ಕಿಟ್ಟು, ಒಳಗಿಂದ ಎಳೆಯ ಕುರಿಯ ತೊಡೆ ತಂದ. "ಮೊದ್ಲ ಹೇಳಬಾರದೇನವ್ವಾ" ಅಂತ ಅವನೇ ಅತ್ತಿಗೆ ಎರಡು ಮಾತು ಅಂದ. ಅವರಿಗೆ ಬೈದು ದಕ್ಕಿಸಿಕೊಂಡವನು ಕುರುಗೋಡಿನಲ್ಲಿ ಅವನೊಬ್ಬನೇ ಇರಬೇಕು.

ಮೊದಲ ದಿನದ ಕಥೆ ಹೇಳಿದರೆ ಆ ಗಡ್ಡದವನು ಅಡುಗೆಯನ್ನೇ ಬಿಟ್ಟಾನು. ಬಸುರಿ ಹೊಟ್ಟೆಗೆ ಬೇಯದ ಮಾಂಸ ಹೋಗಬಾರದು ಅಂತ ಅತ್ತಿ ತುಂಡಿಗೆ ಅರಿಶಿಣ, ಶುಂಠಿ, ಬೆಳ್ಳುಳ್ಳಿ ಹಚ್ಚಿ ಮೊದಲು ಕುಕ್ಕರಿಗೆ ಹಾಕಿಬಿಟ್ಟರು. ಹೊರಗೆ ಬರುವಷ್ಟರಲ್ಲಿ ಅದು ನಾರು ನಾರಾಗಿತ್ತು. ಆಲೂಗಡ್ಡೆಯನ್ನು ಉದ್ದಕ್ಕೆ ಹೆಚ್ಚಿ, ಕೈ ತಡೆಯದೆ ಕಡ್ಲಿಹಿಟ್ಟಿನಲ್ಲಿ ಅದ್ದಿ ಕರಿದಿದ್ದರು. ಬಳ್ಳಾರಿ ಕಡೆಯವರ ಕೈ, ಎಣ್ಣೆ ಕಾದರೆ ಬಜ್ಜಿಯೇ ಆಗುತ್ತದೆ, ಏನು ಮಾಡುವುದು! ನಾನು ಒಂದು ತುತ್ತು ಬಾಯಿಗಿಟ್ಟು ಹೊರಗೆ ಓಡಿದೆ. ಅತ್ತಿ ನನ್ನ ಬೆನ್ನು ನೀವುತ್ತಾ, "ಹೋಗ್ಲಿ ಬಿಡವ್ವ. ಇದು ನಿನ್ನ ಬಯಕಿ ಆಗ್ಲಿಲ್ಲ, ನನ್ನ ಚಾಳಿ ಆತು" ಅಂದರು.

ಮರುದಿನ ಮತ್ತೆ ಖಾಜಾನ ಅಂಗಡಿ. ಈ ಸಲ ತುಂಡನ್ನು ತೆಳ್ಳಗೆ ಸೀಳಿಸಿ, ಕತ್ತಿಯ ಬೆನ್ನಿಂದ ಬಡಿಸಿ ತಂದರು. ಕುಕ್ಕರ್ ಮುಟ್ಟಲಿಲ್ಲ. ಆದರೆ ನಮ್ಮ ತೆಳು ಬಾಣಲೆಯಲ್ಲಿ ಮಾಂಸ ನೀರು ಬಿಟ್ಟುಕೊಂಡು ಕುದಿಯಿತೇ ಹೊರತು ಕೆಂಪಗಾಗಲಿಲ್ಲ. ಅತ್ತಿ ಫೋನು ನೋಡಿದರು, ಬಾಣಲೆ ನೋಡಿದರು, ಆಮೇಲೆ ಗೋಡೆಗೆ ಒರಗಿಸಿದ್ದ ರೊಟ್ಟಿ ಹಂಚು ನೋಡಿದರು.

ಅದು ಅವರ ತವರಿನ ಹಂಚು. ದಪ್ಪ ಕಬ್ಬಿಣದ್ದು. ದೇವರ ಎಡೆಗೆ ಇಡುವ ಜೋಳದ ರೊಟ್ಟಿ ಅದರಲ್ಲೇ ಆಗಬೇಕು, ಹಾಗಾಗಿ ಬಾಡೂಟದ ದಿನ ಅದನ್ನು ಅಡುಗೆಮನೆಯಿಂದಲೇ ಹೊರಗೆ ಒಯ್ಯುತ್ತಿದ್ದರು. ತಪ್ಪಿ ಒಮ್ಮೆ ನಾನು ಮಟನ್ ಮುಟ್ಟಿದ ಕೈಯಲ್ಲಿ ಹಿಡಿದದ್ದಕ್ಕೆ, ಹೆಸರು ಹಿಡಿದು, ಎದುರಿಗೆ ನಿಲ್ಲಿಸಿ ಬೈದಿದ್ದರು. ಅದನ್ನು ಈಗ ತಾವೇ ಎತ್ತಿ ಒಲೆ ಮೇಲಿಟ್ಟರು.

ಮಂಜುನಾಥ ಗಾಬರಿಯಾದ. "ಅವ್ವ, ತಡಿ. ನಾಳಿ ಬಳ್ಳಾರಿಂದ ಹೊಸಾ ಹಂಚು ತರ್ತೀನಿ."

"ಹೊಸಾದು ದೇವ್ರಿಗೆ ತಾರಪ್ಪ. ದೇವ್ರು ಕಾಯ್ತಾನ, ಬಸರಿ ಕಾಯಂಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆ ಗಂಗಮ್ಮ "ಶಿವಶಿವಾ" ಅಂದಳು. ಅತ್ತಿ ತಿರುಗಿಯೂ ನೋಡಲಿಲ್ಲ. ಉಪ್ಪು, ಮೆಣಸಿನ ಪುಡಿ ಹಚ್ಚಿದ ಮಾಂಸ ಕಾದ ಹಂಚಿಗೆ ಬಿದ್ದಾಗ ಚೊರ್ ಅಂದಿತು. ಬೆಣ್ಣೆ ಹಾಕಿದರು, ಜಜ್ಜಿದ ಬೆಳ್ಳುಳ್ಳಿ ಹಾಕಿದರು, ಗಡ್ಡದವನ ಹಸಿರು ಸೊಪ್ಪಿನ ಬದಲು ಹಿತ್ತಲಿನ ದೊಡ್ಡಪತ್ರೆ ಕಿವುಚಿ ಹಾಕಿದರು. ಅವನು ಒಳಗೆ ಕೆಂಪು ಉಳಿಸಿದ್ದ, ಇವರು ಪೂರ್ತಿ ಬೇಯಿಸಿದರು. ಅದೊಂದರಲ್ಲಿ ಅವನ ಮಾತು ನಡೆಯಲಿಲ್ಲ. ಆಲೂಗಡ್ಡೆ ನೀರಲ್ಲಿ ನೆನೆದು, ಹಳೇ ಸೀರೆಯ ಬಟ್ಟೆಯಲ್ಲಿ ಒರೆಸಿಕೊಂಡು, ಎರಡು ಸಲ ಎಣ್ಣೆಗಿಳಿಯಿತು. "ಒಂದ್ ಸಲ ಕರದಿದ್ದನ್ನ ಮತ್ತ ಕರೀತಾನಲ್ಲ, ಇವನ ಮನ್ಯಾಗ ಎಣ್ಣಿ ಬಾವಿ ಐತೇನು?" ಅಂತ ಗೊಣಗುತ್ತಲೇ ಕರಿದರು.

ತಟ್ಟೆ ನನ್ನ ಮುಂದೆ ಬಂತು. ಮಾಂಸದ ಚೂರೊಂದನ್ನು ಬಾಯಿಗಿಟ್ಟೆ. ನಿಂತಿತು. ಗರಿಗರಿ ಆಲೂಗಡ್ಡೆ ಕಡ್ಡಿ ತಿಂದೆ. ನಿಂತಿತು. ಮತ್ತೊಂದು ಚೂರು, ಮತ್ತೊಂದು. ಅಬ್ಬಾ, ಎಷ್ಟೋ ದಿನಗಳ ಮೇಲೆ ನನಗೆ ಹಸಿವು ಅನ್ನುವುದು ನೆನಪಾಯಿತು! ಅತ್ತಿ ನನ್ನ ಗಂಟಲನ್ನೇ ನೋಡುತ್ತಾ ನಿಂತಿದ್ದರು. ತಟ್ಟೆ ಖಾಲಿಯಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಹೊಗಿ ಭಾಳ ಆತು" ಅಂದರು.

ಅಲ್ಲಿಂದ ಅನ್ನವೂ ಒಗ್ಗಿತು, ರೊಟ್ಟಿಯೂ ಒಗ್ಗಿತು. ಸುಮಾ ಹುಟ್ಟಿದಳು, ಗುಂಡಗೆ. ಹುಟ್ಟಿದ ಕೂಸಿನ ಕಿವಿ ಎರಡನ್ನೂ ಹಿಂದೆ ಮುಂದೆ ಪರೀಕ್ಷೆ ಮಾಡಿದ ಮೇಲೆಯೇ ಅತ್ತಿ ಸಕ್ಕರೆ ಹಂಚಿದ್ದು.

ನನಗೆ ಬಳ್ಳಾರಿಯಲ್ಲಿ ಟೀಚರ್ ಕೆಲಸ ಸಿಕ್ಕ ಮೇಲೆ ನಾವು ಸತ್ಯನಾರಾಯಣಪೇಟೆಗೆ ಬಂದೆವು. ಅತ್ತಿ ಕುರುಗೋಡು ಬಿಟ್ಟು ಬರಲಿಲ್ಲ. ಬಂದದ್ದು ಕಾಯಿಲೆ ಹಿಡಿದ ಮೇಲೆಯೇ, ಆಸ್ಪತ್ರೆಗೆ ತೋರಿಸಲು. ಅದಾದ ಮೇಲೆ ಅವರು ಭಾಳ ದಿನ ಇರಲಿಲ್ಲ. ಈಗ ಅವರಿಲ್ಲ. ನನ್ನ ಮಗಳನ್ನು ನನಗೆ ಉಳಿಸಿಕೊಟ್ಟವರು ಅವರು. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಆಸ್ಪತ್ರೆಗೆಂದು ಬಂದು ನಮ್ಮ ಮನೆಯಲ್ಲಿದ್ದ ಆ ದಿನಗಳಲ್ಲಿ ಗಂಜಿಯೂ ಅವರಿಗೆ ಇಳಿಯುತ್ತಿರಲಿಲ್ಲ. ಒಂದು ಭಾನುವಾರ ಮಂಚದ ತುದಿಗೆ ಕೂತು ಕೇಳಿದೆ.

"ಅತ್ತಿ, ನಿಮಗೇನರ ಬಯಕಿ ಐತೇನ್ರಿ?"

"ಮುದುಕಿಗೆಂಥಾ ಬಯಕಿ ಲೇ, ಮಂದಿ ನಕ್ಕಾರು." ಹೊದಿಕೆ ಸರಿಮಾಡಿಕೊಂಡರು. "ಮಂಜ್ಯಾ ಹೊಟ್ಟ್ಯಾಗ ಇದ್ದಾಗ ಒಂದಿತ್ತು. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

"ಏನ್ ತಿನ್ನಬೇಕಂತ ಇತ್ರಿ?"

"ತಿನ್ನೋದೇನರ ಇರ್ಲಿ. ಬ್ಯಾರೇದವ್ರು ಮಾಡಬೇಕು. ಬಿಸಿ ಇದ್ದಾಗ್ಲೇ ಎಲ್ಲಾರಕಿಂತ ಮೊದಲ ನಾನು ಉಣಬೇಕು. ನಡುವ ಯಾರೂ ಎಬ್ಬಿಸಬಾರದು. ಅಷ್ಟ."

ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಒಲೆ ಹಚ್ಚಿದೆ. ಅವರ ಹಲ್ಲಿಗೆ ತಕ್ಕಂತೆ ಮಾಂಸವನ್ನು ಇನ್ನೂ ತೆಳ್ಳಗೆ ಮಾಡಿ ಬೇಯಿಸಿದೆ, ಆಲೂಗಡ್ಡೆ ಎರಡು ಸಲ ಕರಿದೆ. ಹೊಗೆಯಾಡುವ ತಟ್ಟೆಯನ್ನು ಅವರ ಮುಂದಿಟ್ಟು, ಮಂಜುನಾಥನಿಗೂ ಸುಮಾಗೂ ಆಚೆ ಕೋಣೆಯಲ್ಲೇ ಕೂರಲು ಹೇಳಿದೆ. ಅತ್ತಿ ಒಂದು ಆಲೂಗಡ್ಡೆ ಕಡ್ಡಿ ಎತ್ತಿದರು, ರೂಢಿಯಂತೆ ಬಾಗಿಲ ಕಡೆ ತಿರುಗಿ, "ಕೂಸೇ, ಬಾ ಇಲ್ಲಿ" ಅಂತ ಮೊಮ್ಮಗಳನ್ನು ಕರೆದರು.

"ಅಕಿಗೆ ಆಮ್ಯಾಲೆ" ಅಂದೆ. "ನೀವು ಉಣ್ರಿ."

ನನ್ನ ಮುಖ ನೋಡಿದರು. ಆಮೇಲೆ ಆ ಕಡ್ಡಿಯನ್ನು ತಮ್ಮ ಬಾಯಿಗೇ ಇಟ್ಟುಕೊಂಡರು. ಅವಸರ ಮಾಡಲಿಲ್ಲ. ಮಾಂಸದ ಚೂರುಗಳನ್ನು ಒಂದೊಂದಾಗಿ ಊದಿ ಊದಿ ತಿಂದರು. ನಾನು ಪಕ್ಕದಲ್ಲೇ ನೀರಿನ ಲೋಟ ಹಿಡಿದು ನಿಂತಿದ್ದೆ. ಒಳಗಿಂದ ಸುಮಾ ಹಸಿವು ಹಸಿವು ಅಂತ ಕೂಗಿದಳು, ಮಂಜುನಾಥ ಸುಮ್ಮನಿರಿಸಿದ. ಅತ್ತಿ ತಟ್ಟೆಯಲ್ಲಿ ಏನೂ ಉಳಿಸಲಿಲ್ಲ. ಬೆರಳು ಚೀಪಿಕೊಂಡು, ನೀರು ಕುಡಿದು, ಗೋಡೆಗೆ ಒರಗಿದರು.

"ಈಗ ಕರಿ" ಅಂದರು, "ಎಲ್ಲಾರ್ನೂ."